ಮುಖವಿಲ್ಲದ ಸಂಗೀತಕ್ಕೆ ಟಿವಿ ಕೊಟ್ಟ ಮುಖ

2025ರ ಡಿಸೆಂಬರ್ 31ರಂದು ಎಂಟಿವಿ ಬ್ರಿಟನ್ನಿನಲ್ಲಿ ತನ್ನ ಐದು ಸಂಗೀತ ವಾಹಿನಿಗಳ ಪ್ರಸಾರವನ್ನು ನಿಲ್ಲಿಸಿತು. ಎಂಟಿವಿ ಹೆಸರಿನ ಮುಖ್ಯ ವಾಹಿನಿ ಅಲ್ಲಿ ಇನ್ನೂ ಇದೆಯಾದರೂ ಅದರಲ್ಲಿ ಬರುವುದು ಬಹುಪಾಲು ರಿಯಾಲಿಟಿ ಶೋಗಳು. ಮುಚ್ಚಿಹೋದವುಗಳಲ್ಲಿ ಕ್ಲಬ್ ಎಂಟಿವಿಯೂ ಒಂದು. 2001ರಲ್ಲಿ ಎಂಟಿವಿ ಡಾನ್ಸ್ ಎಂಬ ಹೆಸರಿನಲ್ಲಿ ಆರಂಭವಾಗಿದ್ದ ಅದು ಯಂತ್ರಗಳಲ್ಲಿ ರಚಿಸುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತಕ್ಕೇ ಮೀಸಲಾಗಿತ್ತು. ಗೋದಾಮುಗಳಲ್ಲಿ, ನೆಲಮಾಳಿಗೆಗಳಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಸೇರುತ್ತಿದ್ದ ರಾತ್ರಿಕೂಟಗಳಲ್ಲಿ ಬೆಳೆದ ಸಂಗೀತವೊಂದು ಇಡೀ ಒಂದು ವಾಹಿನಿಯನ್ನು ತುಂಬುವಷ್ಟು ಜನಪ್ರಿಯವಾಗಿ, ಆ ವಾಹಿನಿಯೇ ಕಣ್ಮರೆಯಾಗುವವರೆಗಿನ ಕಥೆ ಈಗ ಮುಗಿದಿರುವುದರಿಂದ, ಟಿವಿ ಆ ಸಂಗೀತಕ್ಕೆ ಏನು ಮಾಡಿತು ಎಂದು ಶಾಂತವಾಗಿ ಕೇಳಿಕೊಳ್ಳಲು ಇದು ಸರಿಯಾದ ಹೊತ್ತು. ಟಿವಿ ಅದನ್ನು ಮನೆಮನೆಗೆ ತಲುಪಿಸಿತು ಎಂಬುದು ನಿಜ. ಆದರೆ ಅದು ಆರಿಸಿಕೊಂಡದ್ದು ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ. ಹಾಗೆ ಆರಿಸುವಾಗ, ಈ ಸಂಗೀತವನ್ನು ಕಟ್ಟಿದವರೆಂದು ಲೋಕ ಯಾರನ್ನು ನೆನಪಿಟ್ಟುಕೊಳ್ಳಬೇಕು ಎಂಬುದನ್ನೂ ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿತು.

ಮೂಲವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 1977ರಿಂದ ಷಿಕಾಗೊದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ರೆಕಾರ್ಡುಗಳನ್ನು ಒಂದಕ್ಕೊಂದು ಹೆಣೆದು ನುಡಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಮುದಾಯಗಳ ಸಲಿಂಗಿಗಳು. ಊರಿನ ಬೇರೆ ಕಡೆ ಸಿಗದ ನಿರಾಳತೆ ಅವರಿಗೆ ಅಲ್ಲಿ ಸಿಗುತ್ತಿತ್ತು. ಹೌಸ್ ಎಂಬ ಬಗೆಯ ನೃತ್ಯ ಸಂಗೀತ ಹುಟ್ಟಿದ್ದು ಆ ನೆಲದ ಮೇಲೆ. ಡೆಟ್ರಾಯ್ಟ್ ಬಳಿಯ ಬೆಲ್‌ವಿಲ್ ಎಂಬ ಊರಿನ ಶಾಲೆಯಲ್ಲಿ ಜೊತೆಗೆ ಓದಿದ ವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್‌ಸನ್ ಎಂಬ ಮೂವರು ಕಪ್ಪು ಯುವಕರು ಟೆಕ್ನೊ ಎಂಬ ಇನ್ನೊಂದು ಬಗೆಗೆ ರೂಪ ಕೊಟ್ಟರು. ಇವರೆಲ್ಲರ ಕೈಗೆ ಸಿಕ್ಕಿದ್ದು ಮಾರುಕಟ್ಟೆ ಕೈಬಿಟ್ಟಿದ್ದ ಯಂತ್ರಗಳು. ಗಿಟಾರ್ ನುಡಿಸುವವರಿಗೆ ಮಂದ್ರದ ಸಾಥ್ ಕೊಡಲೆಂದು ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಹೊರತಂದ ಟಿಬಿ-303 ಆ ಕೆಲಸಕ್ಕೆ ಒಗ್ಗಲಿಲ್ಲ. 1984ರಲ್ಲಿ ತಯಾರಿಕೆ ನಿಂತು, ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂತು. ಷಿಕಾಗೊದ ಫ್ಯೂಚರ್ ಎಂಬ ತಂಡ ಅದರ ಗುಂಡಿಗಳನ್ನು ನುಡಿಯುತ್ತಿರುವಾಗಲೇ ತಿರುವಿ, ಕೀರಲು ದನಿಯೊಂದನ್ನು ಹೊರಡಿಸಿ, 1987ರಲ್ಲಿ ಆಸಿಡ್ ಹೌಸ್ ಎಂಬ ಹೊಸ ಕವಲನ್ನೇ ತೆರೆಯಿತು.

ಟಿವಿಗೂ ಈ ಸಂಗೀತಕ್ಕೂ ಆಗಲೇ ನಂಟಿತ್ತು ಎಂಬುದನ್ನು ಬಹಳ ಬರಹಗಳು ಮರೆಯುತ್ತವೆ. ಡೆಟ್ರಾಯ್ಟಿನಲ್ಲಿ 1975ರಲ್ಲಿ ಆರಂಭವಾದ ಡಬ್ಲ್ಯುಜಿಪಿಆರ್ ಅಮೆರಿಕದ ಮೊದಲ ಕಪ್ಪು ಒಡೆತನದ ಟಿವಿ ನಿಲಯ. ಅದರ ‘ದಿ ಸೀನ್’ ಮತ್ತು ಅನಂತರ ಬಂದ ‘ದಿ ನ್ಯೂ ಡಾನ್ಸ್ ಶೋ’ ಕಾರ್ಯಕ್ರಮಗಳಲ್ಲಿ ಊರಿನ ಹುಡುಗ ಹುಡುಗಿಯರು ಎರಡು ಸಾಲಾಗಿ ನಿಂತು, ನಡುವಿನ ಹಾದಿಯಲ್ಲಿ ಒಬ್ಬೊಬ್ಬರಾಗಿ ಕುಣಿಯುತ್ತ ಬರುತ್ತಿದ್ದರು. ಆ ಕಾರ್ಯಕ್ರಮಕ್ಕೆ ತಾರೆಯ ಅಗತ್ಯವಿರಲಿಲ್ಲ. ಕುಣಿಯುವವರೇ ಅದರ ತಾರೆಯರಾಗಿದ್ದರು. ಅಂದರೆ ಈ ಸಂಗೀತವನ್ನು ಅದರ ಸ್ವಭಾವಕ್ಕೆ ಕುಂದು ತಾರದೆ ತೋರಿಸುವ ಒಂದು ಬಗೆಯ ಟಿವಿ ಎಂಟಿವಿಯ ಮೊದಲೇ, ಅದೂ ಟೆಕ್ನೊದ ತವರಿನಲ್ಲಿ ಇತ್ತು. ಅದು ಊರ ಗಡಿಯನ್ನು ದಾಟಲಿಲ್ಲ ಅಷ್ಟೆ.

ಸ್ವಭಾವ ಎಂದದ್ದನ್ನು ಬಿಡಿಸಿ ಹೇಳಬೇಕು. ಕ್ಲಬ್ಬಿಗಾಗಿ ತಯಾರಾಗುತ್ತಿದ್ದ ಹನ್ನೆರಡು ಇಂಚಿನ ರೆಕಾರ್ಡಿನಲ್ಲಿ ಒಂದು ಕೃತಿ ಏಳೆಂಟು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ ಸಾಗುತ್ತಿತ್ತು. ಅದರ ಮೊದಲಿನ ಮತ್ತು ಕೊನೆಯ ಭಾಗದಲ್ಲಿ ಬರಿಯ ಲಯ ಮಾತ್ರ ಇರುತ್ತಿತ್ತು. ಡಿಜೆ ಹಿಂದಿನ ರೆಕಾರ್ಡಿನ ಬಾಲವನ್ನು ಮುಂದಿನದರ ತಲೆಗೆ ಬೆಸೆಯಲು ಬಿಟ್ಟ ಜಾಗ ಅದು. ಹೀಗಾಗಿ ಒಂದೊಂದು ಕೃತಿಯೂ ತನ್ನಲ್ಲಿ ತಾನು ಪೂರ್ಣವಲ್ಲ, ಇಡೀ ರಾತ್ರಿಯ ಒಂದು ಕೊಂಡಿ. ಇನ್ನು ಮಂದ್ರಸ್ಥಾಯಿಯ ಮಾತು: ಕ್ಲಬ್ಬಿನ ಆಳೆತ್ತರದ ಸ್ಪೀಕರುಗಳಲ್ಲಿ ನೂರು ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಎದೆಯಿಂದ, ಪಾದದಿಂದ ಕೇಳಬೇಕು. ಮನೆಯ ಹಳೆಯ ಡಬ್ಬದ ಟಿವಿಯ ಅಂಗೈಯಗಲದ ಸ್ಪೀಕರಿಗೆ ಆ ಸ್ವರಗಳನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ಇಷ್ಟರ ಮೇಲೆ, ಕೃತಿಯನ್ನು ರಚಿಸಿದವರ ಹೆಸರು ಬಹಳ ಸಲ ರೆಕಾರ್ಡಿನ ಮೇಲೂ ಇರುತ್ತಿರಲಿಲ್ಲ. ಅಚ್ಚಿಲ್ಲದ ಬಿಳಿ ಲೇಬಲ್ಲಿನೊಂದಿಗೆ ನೂರಾರು ಪ್ರತಿಗಳು ಅಂಗಡಿಗಳಿಗೆ ಬರುತ್ತಿದ್ದವು. ಒಬ್ಬನೇ ವ್ಯಕ್ತಿ ನಾಲ್ಕಾರು ಹೆಸರುಗಳಲ್ಲಿ ರೆಕಾರ್ಡು ತರುವುದು ರೂಢಿಯಾಗಿತ್ತು. ಟಿವಿ ಕೇಳುವುದಾದರೋ ಮೂರೂವರೆ ನಿಮಿಷದ ಹಾಡು, ಸಣ್ಣ ಸ್ಪೀಕರಿಗೂ ದಕ್ಕುವ ದನಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಮೆರಾ ನೋಡಬಲ್ಲ ಒಂದು ಮುಖ.

ಈ ಹೊಂದಾಣಿಕೆಯ ಕಷ್ಟ ಮೊದಲು ಬಯಲಾದದ್ದು ಬ್ರಿಟನ್ನಿನಲ್ಲಿ. 1988ರ ಬೇಸಿಗೆಯಿಂದ ಆಸಿಡ್ ಹೌಸ್ ಅಲ್ಲಿನ ಯುವಜನರನ್ನು ಆವರಿಸಿಕೊಂಡು, ಹಾಡುಗಳು ಜನಪ್ರಿಯತೆಯ ಪಟ್ಟಿಗೆ ಏರತೊಡಗಿದಾಗ, ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮ ಅವುಗಳನ್ನು ತೋರಿಸಲೇಬೇಕಾಯಿತು. ತೋರಿಸುವುದು ಏನನ್ನು? 1992ರಲ್ಲಿ ದಿ ಆರ್ಬ್ ತಂಡ ಸುಮಾರು ನಲವತ್ತು ನಿಮಿಷದ ಒಂದೇ ಕೃತಿಯನ್ನು ಸಿಂಗಲ್ ಆಗಿ ಬಿಡುಗಡೆ ಮಾಡಿ ಮೊದಲ ಹತ್ತರೊಳಗೆ ಬಂದಿತ್ತು. ಕಾರ್ಯಕ್ರಮದ ವೇದಿಕೆಗೆ ಬಂದ ಆ ತಂಡದ ಇಬ್ಬರು ವಾದ್ಯ ನುಡಿಸುವ ನಟನೆಗೆ ಒಪ್ಪದೆ, ಎದುರುಬದುರು ಕೂತು ಚದುರಂಗದಂಥ ಆಟವನ್ನು ಆಡಿದರು. ಯಂತ್ರಗಳಲ್ಲಿ ರಚಿತವಾದ ಸಂಗೀತದ ಮುಂದೆ ಕ್ಯಾಮೆರಾಕ್ಕೆ ಕೆಲಸವಿಲ್ಲ ಎಂಬುದನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಕ್ಯಾಸಲ್‌ಮಾರ್ಟನ್ ಕಾಮನ್ ಎಂಬ ಹುಲ್ಲುಗಾವಲಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಅನುಮತಿಯಿಲ್ಲದೆ ಸೇರಿ ಒಂದು ವಾರ ಕುಣಿದರು. ಸರ್ಕಾರದ ಉತ್ತರ 1994ರ ಕ್ರಿಮಿನಲ್ ಜಸ್ಟಿಸ್ ಕಾಯಿದೆ. ಬಯಲಿನಲ್ಲಿ ಸೇರಿದ ಗುಂಪನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಡುವಾಗ ಅದು ಸಂಗೀತವನ್ನೇ ವ್ಯಾಖ್ಯಾನಿಸಿತು: ಒಂದಾದ ಮೇಲೊಂದು ಮರುಕಳಿಸುವ ಬಡಿತಗಳೇ ಪ್ರಧಾನವಾದ ಧ್ವನಿ. ಆಟೆಕರ್ ಎಂಬ ಜೋಡಿ ಇದಕ್ಕೆ ಪ್ರತಿಯಾಗಿ, ಲಯದ ಯಾವ ಎರಡು ಆವರ್ತಗಳೂ ಒಂದೇ ಆಗಿರದಂತೆ ಒಂದು ಕೃತಿಯನ್ನು ರಚಿಸಿ ಬಿಡುಗಡೆ ಮಾಡಿತು. ಕಾಯಿದೆಯ ಪರಿಣಾಮ ದೊಡ್ಡದು. ಬಯಲಿನಿಂದ ಹೊರದಬ್ಬಿಸಿಕೊಂಡ ಸಂಗೀತ ಪರವಾನಗಿ ಪಡೆದ ಕ್ಲಬ್ಬುಗಳಿಗೆ, ಟಿಕೆಟ್ ಮಾರುವ ಉತ್ಸವಗಳಿಗೆ, ಅಲ್ಲಿಂದ ದೊಡ್ಡ ರೆಕಾರ್ಡ್ ಕಂಪನಿಗಳತ್ತ ಸರಿಯಿತು. ಟಿವಿ ಈ ಸಂಗೀತವನ್ನು ಎಳೆದುಕೊಂಡಿತು ಎನ್ನುವವರು ಕಾನೂನು ಅದನ್ನು ಹಿಂದಿನಿಂದ ತಳ್ಳಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಮುಖ ಸಿಕ್ಕಿದ್ದು 1996ರಲ್ಲಿ. ಎಸೆಕ್ಸ್ ಪ್ರಾಂತದ ಬ್ರೇನ್‌ಟ್ರೀ ಊರಿನ ಲಿಯಾಮ್ ಹೌಲೆಟ್ ದಿ ಪ್ರಾಡಿಜಿ ತಂಡದ ಸಂಗೀತವನ್ನು ಬಹುಮಟ್ಟಿಗೆ ಒಬ್ಬರೇ ರಚಿಸುತ್ತಿದ್ದರು. ಕೀತ್ ಫ್ಲಿಂಟ್ ಆ ತಂಡದ ನೃತ್ಯಗಾರ. ‘ಫೈರ್‌ಸ್ಟಾರ್ಟರ್’ ಹಾಡಿನಲ್ಲಿ ಫ್ಲಿಂಟ್ ಮೊದಲ ಸಲ ಕಂಠ ಕೊಟ್ಟರು. ಲಂಡನ್ನಿನ ಆಲ್ಡ್‌ವಿಚ್ ಎಂಬ ಪಾಳುಬಿದ್ದ ಸುರಂಗ ರೈಲು ನಿಲ್ದಾಣದಲ್ಲಿ ವಾಲ್ಟರ್ ಸ್ಟರ್ನ್ ಕಪ್ಪುಬಿಳುಪಿನಲ್ಲಿ ಚಿತ್ರಿಸಿದ ವಿಡಿಯೊದಲ್ಲಿ ಫ್ಲಿಂಟ್ ನಡುತಲೆ ಬೋಳಿಸಿ, ಎರಡೂ ಬದಿಯ ಕೂದಲನ್ನು ಕೊಂಬಿನಂತೆ ನಿಲ್ಲಿಸಿ, ಕಣ್ಣಿಗೆ ಕಪ್ಪು ಬಳಿದು, ಕ್ಯಾಮೆರಾದತ್ತ ಮೈ ಜಗ್ಗಿ ಬರುತ್ತಾರೆ. ಬಿಬಿಸಿಯಲ್ಲಿ ಅದು ಪ್ರಸಾರವಾದಾಗ ಮಕ್ಕಳು ಹೆದರಿದರೆಂದು ದೂರುಗಳು ಬಂದವು. ಹಾಡು ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಾಡಿನ ಧ್ವನಿಯನ್ನೂ ಗಮನಿಸಬೇಕು. ಅದರಲ್ಲಿ ಮುಂದಾಗಿ ಕೇಳುವುದು ಕರ್ಕಶ ಗಿಟಾರ್ ಮತ್ತು ಕೂಗು. ಎರಡೂ ಸಣ್ಣ ಸ್ಪೀಕರಿನಲ್ಲಿ ಚೆನ್ನಾಗಿ ಕೇಳುವಂಥವು, ಎರಡೂ ರಾಕ್ ಸಂಗೀತದ ಕೇಳುಗರಿಗೆ ಪರಿಚಿತವಾದವು. ಹೌಲೆಟ್ ಟಿವಿಗಾಗಿ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ‘ಟಾಪ್ ಆಫ್ ದ ಪಾಪ್ಸ್’ ವೇದಿಕೆಗೆ ಬರಲು ನಿರಾಕರಿಸುತ್ತಲೇ ಬಂದ ತಂಡ ಅದು. ಆದರೆ ನೂರು ಬಗೆಯ ಧ್ವನಿಗಳ ನಡುವೆ ಟಿವಿ ಯಾವುದನ್ನು ಎತ್ತಿಕೊಂಡಿತು ಎಂಬುದಕ್ಕೆ ಕಾರಣ ಅಲ್ಲಿದೆ.

ಅಮೆರಿಕದ ರೆಕಾರ್ಡ್ ಉದ್ಯಮ ಆಗ ಹುಡುಕಾಟದಲ್ಲಿತ್ತು. 1994ರಲ್ಲಿ ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೇನ್ ತೀರಿಕೊಂಡ ಮೇಲೆ ಗ್ರಂಜ್ ಎಂಬ ಬಗೆಯ ರಾಕ್ ಸಂಗೀತ ಸೊರಗಿತ್ತು, ಮುಂದಿನ ಅಲೆ ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. 1996ರ ಕೊನೆಯಲ್ಲಿ ಎಂಟಿವಿ ‘ಆಂಪ್’ ಎಂಬ ಕಾರ್ಯಕ್ರಮವನ್ನು ವಾರಾಂತ್ಯದ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಆರಂಭಿಸಿತು. ನಿರೂಪಕರಿಲ್ಲದೆ, ಒಂದು ವಿಡಿಯೊದಿಂದ ಇನ್ನೊಂದಕ್ಕೆ ಗ್ರಾಫಿಕ್ ಚಿತ್ರಗಳ ಮೂಲಕ ಜಾರುತ್ತ ಹೋಗುವ ಆ ಕಾರ್ಯಕ್ರಮ, ಎಂಟಿವಿ ಮಾಡಿದ ಎಲ್ಲ ಕೆಲಸಗಳಲ್ಲಿ ಈ ಸಂಗೀತದ ಗುಣಕ್ಕೆ ಅತ್ಯಂತ ಹತ್ತಿರ ಬಂದದ್ದು ಎಂದು ನಾನು ಭಾವಿಸುತ್ತೇನೆ. ಕ್ಲಬ್ಬುಗಳೇ ಇಲ್ಲದ ಸಣ್ಣ ಊರುಗಳ ಹುಡುಗರಿಗೆ ಅದೊಂದೇ ಕಿಟಕಿ. ಹಗಲಿನ ಎಂಟಿವಿ ಬೇರೆಯೇ ಆಗಿತ್ತು: ಅಲ್ಲಿ ಮತ್ತೆ ಮತ್ತೆ ಬಂದದ್ದು ಪ್ರಾಡಿಜಿ, ಕೆಮಿಕಲ್ ಬ್ರದರ್ಸ್‌ರಂಥ ಬೆರಳೆಣಿಕೆಯ ಹೆಸರುಗಳು. ಮಡೋನಾರ ಮ್ಯಾವೆರಿಕ್ ಕಂಪನಿ ಅಮೆರಿಕದಲ್ಲಿ ಹೊರತಂದ ಪ್ರಾಡಿಜಿಯ ‘ದ ಫ್ಯಾಟ್ ಆಫ್ ದ ಲ್ಯಾಂಡ್’ 1997ರ ಜುಲೈನಲ್ಲಿ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಗೆ ಮೊದಲ ಸ್ಥಾನದಲ್ಲೇ ಪ್ರವೇಶಿಸಿತು. ಅದರದೇ ಇನ್ನೊಂದು ಹಾಡಿನ ಹೆಸರಿಗೆ ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಎಂಟಿವಿ ಅದರ ವಿಡಿಯೊವನ್ನು ತಡರಾತ್ರಿಯಲ್ಲಿ ಮಾತ್ರ ತೋರಿಸಿತು, ಮರುವರ್ಷ ಅದಕ್ಕೆ ಎರಡು ಪ್ರಶಸ್ತಿಗಳನ್ನು ಕೊಟ್ಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ, ಏಕೆಂದರೆ ಇದೇ ಒತ್ತಡದಿಂದ ಒಂದು ನಿಜವಾದ ಕಲೆ ಹುಟ್ಟಿತು. ತಾರೆಯ ಮುಖ ಇಲ್ಲದಿದ್ದುದರಿಂದ ವಿಡಿಯೊ ನಿರ್ದೇಶಕರಿಗೆ ಬೇರೆ ಯಾವ ಸಂಗೀತವೂ ಕೊಡದ ಸ್ವಾತಂತ್ರ್ಯ ಸಿಕ್ಕಿತು. ಪ್ಯಾರಿಸ್ಸಿನ ಡಾಫ್ಟ್ ಪಂಕ್ ಜೋಡಿ ಮುಖ ತೋರಿಸಲು ಒಪ್ಪುತ್ತಿರಲಿಲ್ಲ. ಅವರ 1997ರ ‘ಅರೌಂಡ್ ದ ವರ್ಲ್ಡ್’ ಹಾಡಿಗೆ ಮಿಶೆಲ್ ಗೊಂಡ್ರಿ ಮಾಡಿದ ವಿಡಿಯೊದಲ್ಲಿ ಐದು ಗುಂಪುಗಳ ನೃತ್ಯಗಾರರಿದ್ದಾರೆ, ಪ್ರತಿ ಗುಂಪೂ ಹಾಡಿನ ಒಂದೊಂದು ಎಳೆಯನ್ನು ಹಿಡಿದು ಕುಣಿಯುತ್ತದೆ: ರೋಬೊಗಳು ಕಂಠಸ್ವರಕ್ಕೆ, ಕ್ರೀಡಾಪಟುಗಳು ಮಂದ್ರಸ್ವರಕ್ಕೆ, ಅಸ್ಥಿಪಂಜರಗಳು ಗಿಟಾರಿಗೆ, ಬಟ್ಟೆ ಸುತ್ತಿದ ಮಮ್ಮಿಗಳು ಲಯಯಂತ್ರಕ್ಕೆ, ಈಜುಡುಗೆಯ ಯುವತಿಯರು ಕೀಬೋರ್ಡಿಗೆ. ಮಂದ್ರದ ಸ್ವರಗಳು ಏರಿಳಿದಂತೆ ಕ್ರೀಡಾಪಟುಗಳು ಮೆಟ್ಟಿಲನ್ನು ಹತ್ತಿ ಇಳಿಯುತ್ತಾರೆ. ಟಿವಿಯ ಸ್ಪೀಕರಿಗೆ ದಕ್ಕದ ಮಂದ್ರವನ್ನು ಕಣ್ಣಿಗೆ ದಕ್ಕಿಸಿಕೊಟ್ಟ ಈ ವಿಡಿಯೊ, ಮರುಕಳಿಸುವ ಸಂಗೀತದೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಯಾವ ಪಾಠಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ. ಐದು ವರ್ಷಗಳ ನಂತರ ಕೆಮಿಕಲ್ ಬ್ರದರ್ಸ್‌ರ ‘ಸ್ಟಾರ್ ಗಿಟಾರ್’ ಹಾಡಿಗೆ ಗೊಂಡ್ರಿ ಇನ್ನೂ ಮುಂದೆ ಹೋದರು. ರೈಲಿನ ಕಿಟಕಿಯಿಂದ ಕಾಣುವ ದೃಶ್ಯ ಮಾತ್ರ ಅದರಲ್ಲಿದೆ. ಹಾದುಹೋಗುವ ಕಂಬ, ಕಟ್ಟಡ, ಸೇತುವೆ, ಎದುರು ರೈಲು ಎಲ್ಲವೂ ಹಾಡಿನ ಒಂದೊಂದು ಬಡಿತಕ್ಕೆ ಸರಿಯಾಗಿ ಬಂದು ಹೋಗುತ್ತವೆ. ಇಲ್ಲಿ ಮುಖವೂ ಇಲ್ಲ, ಕಥೆಯೂ ಇಲ್ಲ, ಆದರೂ ಕಣ್ಣು ಕದಲುವುದಿಲ್ಲ.

ಆದರೆ ಇಂಥ ವಿಡಿಯೊಗಳಿಗೆ ಹಣ ಬೇಕು. ಮನೆಯ ಕೋಣೆಯಲ್ಲಿ ಕೂತು ಒಂದು ಕೃತಿಯನ್ನು ರಚಿಸಲು ಆಗುವ ಖರ್ಚು ಕಡಿಮೆ. ಅದಕ್ಕೊಂದು ವಿಡಿಯೊ ಮಾಡಿಸಲು ಆಗುವ ಖರ್ಚನ್ನು ದೊಡ್ಡ ಕಂಪನಿಯಲ್ಲದೆ ಬೇರೆಯವರು ಭರಿಸಲಾರರು. ಡೆಟ್ರಾಯ್ಟ್ ಮತ್ತು ಷಿಕಾಗೊದ ಸಣ್ಣ ರೆಕಾರ್ಡ್ ಕಂಪನಿಗಳು ಹೊರಗುಳಿದದ್ದು ಮೊದಲು ಈ ಲೆಕ್ಕದಲ್ಲಿ. ಅದರ ಹಿಂದೆ ಹಳೆಯ ರೋಗವೊಂದಿತ್ತು. 1981ರಲ್ಲಿ ಆರಂಭವಾದ ಎಂಟಿವಿ ಕಪ್ಪು ಕಲಾವಿದರನ್ನು ಯಾಕೆ ತೋರಿಸುವುದಿಲ್ಲ ಎಂದು 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಮುಖಕ್ಕೆ ಹೊಡೆದಂತೆ ಕೇಳಿದ್ದರು. ಮೈಕಲ್ ಜಾಕ್ಸನ್ ಆ ಗೋಡೆಯನ್ನು ಒಡೆದರು, 1988ರಲ್ಲಿ ರ‍್ಯಾಪ್ ಸಂಗೀತಕ್ಕೂ ಒಂದು ಕಾರ್ಯಕ್ರಮ ಬಂತು. ಆದರೆ 1997ರಲ್ಲಿ ಅಮೆರಿಕದ ಟಿವಿ ಎಲೆಕ್ಟ್ರಾನಿಕ್ ಸಂಗೀತವನ್ನು ಹೊಸದೆಂದು ಪರಿಚಯಿಸಿದಾಗ, ಅದು ಸಾಗರದಾಚೆಯಿಂದ ಬಿಳಿಯ ಯುವಕರು ತಂದ ಸರಕಿನಂತೆ ಕಂಡಿತು. ಎಂಟಿವಿಯ ಕಚೇರಿಗೆ ಒಂದು ವಿಮಾನ ಪ್ರಯಾಣದಷ್ಟು ದೂರದಲ್ಲಿ ಅದನ್ನು ಕಟ್ಟಿದವರು ಬದುಕಿದ್ದರು, ನುಡಿಸುತ್ತಿದ್ದರು. ಇದು ಅಕಸ್ಮಾತ್ತಾಗಿ ಆದ ಮರೆವು ಎಂದು ಒಪ್ಪಲು ನಾನು ಸಿದ್ಧನಿಲ್ಲ.

ಮುಖ ಕೊಡುವುದಿಲ್ಲ ಎಂದು ಹಟ ಹಿಡಿದವರೂ ಇದ್ದರು. ಡೆಟ್ರಾಯ್ಟಿನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗ ಮುಸುಕು ಹಾಕಿಕೊಂಡೇ ಕಾಣಿಸಿಕೊಳ್ಳುತ್ತಿತ್ತು. ಅದರ ಮೈಕ್ ಬ್ಯಾಂಕ್ಸ್ ಫೋಟೊ ತೆಗೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. 1999ರಲ್ಲಿ ಆ ಬಳಗದ ಡಿಜೆ ರೊಲಾಂಡೊ ರಚಿಸಿದ ‘ಜಾಗ್ವಾರ್’ ಎಂಬ ಕೃತಿ ಯುರೋಪಿನ ಕ್ಲಬ್ಬುಗಳಲ್ಲಿ ಹಬ್ಬಿದಾಗ, ಸೋನಿಯ ಜರ್ಮನ್ ಶಾಖೆ ಹಕ್ಕು ಕೇಳಿತು. ಬಳಗ ಒಪ್ಪಲಿಲ್ಲ. ಕಂಪನಿ ಸ್ವರಕ್ಕೆ ಸ್ವರ ಹೊಂದುವಂತೆ ಅದರದೇ ನಕಲೊಂದನ್ನು ಮಾಡಿಸಿತು. ಅಭಿಮಾನಿಗಳ ಪ್ರತಿಭಟನೆಗೆ ಮಣಿದು ಸೋನಿ ಅದನ್ನು ಕೈಬಿಟ್ಟಿತಾದರೂ ಬಿಎಂಜಿ ಕಂಪನಿ ಅದನ್ನೆತ್ತಿಕೊಂಡು ಮಾರಿತು. ಮುಖ ತೋರಿಸದವನ ಕೃತಿ ಯಾರದೂ ಆಗಬಹುದು ಎಂಬ ಧೈರ್ಯ ಉದ್ಯಮಕ್ಕೆ ಎಲ್ಲಿಂದ ಬಂತು ಎಂಬುದು ಈ ಪ್ರಸಂಗದಿಂದ ತಿಳಿಯುತ್ತದೆ.

ಟಿವಿಯ ಉತ್ಸಾಹ ಬಹಳ ದಿನ ಉಳಿಯಲಿಲ್ಲ. 1998ರ ಸೆಪ್ಟೆಂಬರಿನಲ್ಲಿ ಎಂಟಿವಿ ಆರಂಭಿಸಿದ ‘ಟೋಟಲ್ ರಿಕ್ವೆಸ್ಟ್ ಲೈವ್’ ಕಾರ್ಯಕ್ರಮ ವೀಕ್ಷಕರ ಮತದ ಮೇಲೆ ನಡೆಯುತ್ತಿತ್ತು, ಮತಗಳು ಬಾಯ್ ಬ್ಯಾಂಡುಗಳಿಗೆ ಹೋದವು. 2001ರಲ್ಲಿ ‘ಆಂಪ್’ ನಿಂತಿತು. ಅಷ್ಟರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತಗಾರ ಮೋಬಿ ತನ್ನ 1999ರ ‘ಪ್ಲೇ’ ಆಲ್ಬಮ್ಮಿನ ಹದಿನೆಂಟೂ ಹಾಡುಗಳನ್ನು ಜಾಹೀರಾತು ಮತ್ತು ಸಿನಿಮಾಗಳಿಗೆ ಪರವಾನಗಿ ಕೊಟ್ಟು, ವಾಹಿನಿಯ ಕೃಪೆಯಿಲ್ಲದೆಯೂ ಮನೆಗಳೊಳಗೆ ಹೋಗುವ ಇನ್ನೊಂದು ದಾರಿಯನ್ನು ತೋರಿಸಿದ್ದರು. ಜರ್ಮನಿಯ ಕಥೆ ತುಸು ಭಿನ್ನ. 1989ರಲ್ಲಿ ಬರ್ಲಿನ್ನಿನ ಬೀದಿಯಲ್ಲಿ ಸುಮಾರು ನೂರೈವತ್ತು ಜನ ಸೇರಿ ಆರಂಭಿಸಿದ ಲವ್ ಪರೇಡ್ ಎಂಬ ಟೆಕ್ನೊ ಮೆರವಣಿಗೆ ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮೀರಿದ ಜನಸ್ತೋಮವಾಯಿತು. 1993ರಲ್ಲಿ ಆರಂಭವಾದ ವೀವಾ ಎಂಬ ಜರ್ಮನ್ ಸಂಗೀತ ವಾಹಿನಿ ಅಲ್ಲಿನ ಟೆಕ್ನೊವನ್ನು ತನ್ನ ನಾಡಿನ ಸಂಗೀತವೆಂದೇ ತೋರಿಸಿತು. ಆ ವಾಹಿನಿಯೂ 2018ರ ಕೊನೆಗೆ ಮುಚ್ಚಿತು.

ಭಾರತಕ್ಕೆ ಎಂಟಿವಿ ಬಂದದ್ದು 1991ರಲ್ಲಿ ಸ್ಟಾರ್ ಟಿವಿಯ ಜೊತೆಗೆ. 1994ರಲ್ಲಿ ಸ್ಟಾರ್ ಅದರ ಜಾಗದಲ್ಲಿ ಚಾನೆಲ್ ವಿ ಆರಂಭಿಸಿತು. 1996ರಲ್ಲಿ ಎಂಟಿವಿ ಇಂಡಿಯಾ ತಾನೇ ಬಂದು, ಬೇಗನೆ ಹಿಂದಿ ಚಿತ್ರಗೀತೆಗಳತ್ತ ವಾಲಿತು. ಆದ್ದರಿಂದ ಇಲ್ಲಿನ ಹೆಚ್ಚಿನ ವೀಕ್ಷಕರಿಗೆ ಕ್ಲಬ್ ಲಯದ ಪರಿಚಯವಾದದ್ದು ರೀಮಿಕ್ಸುಗಳಿಂದ. 1972ರ ಚಿತ್ರಗೀತೆಯೊಂದನ್ನು ಬದಲಿಸಿ ಮಾಡಿದ 2002ರ ‘ಕಾಂಟಾ ಲಗಾ’ ಅವುಗಳಲ್ಲಿ ಹೆಚ್ಚು ಸದ್ದು ಮಾಡಿದ್ದು. ಆ ಅಲೆಗೆ ಅಭಿರುಚಿಯಷ್ಟೇ ಕಾನೂನೂ ಕಾರಣ. ಬಿಡುಗಡೆಯಾಗಿ ಎರಡು ವರ್ಷ ಕಳೆದ ಹಾಡನ್ನು ನಿಗದಿತ ರಾಯಧನ ಕೊಟ್ಟು ಮತ್ತೆ ಧ್ವನಿಮುದ್ರಿಸಲು ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿತ್ತು. 2012ರ ತಿದ್ದುಪಡಿ ಆ ಅವಧಿಯನ್ನು ಐದು ವರ್ಷಕ್ಕೆ ಏರಿಸಿ, ಮೂಲವನ್ನು ಮಾರ್ಪಡಿಸುವುದಕ್ಕೆ ಕಡಿವಾಣ ಹಾಕಿತು. ಇದರ ಪಕ್ಕದಲ್ಲೇ ಇನ್ನೊಂದು ಧಾರೆಯಿತ್ತು. ಎಂಟಿವಿ ಇಂಡಿಯಾದ ನಿರೂಪಕರಾಗಿ ಮನೆಮಾತಾದ ಬೆಂಗಳೂರಿನ ನಿಖಿಲ್ ಚಿನ್ನಪ್ಪ ತಾವೇ ಡಿಜೆಯೂ ಆಗಿ, ಜೊತೆಗಾರರೊಂದಿಗೆ ಸಬ್‌ಮರ್ಜ್ ಎಂಬ ವೇದಿಕೆಯನ್ನು ಕಟ್ಟಿ, 2007ರಲ್ಲಿ ಗೋವಾದ ಕಡಲತೀರದಲ್ಲಿ ಆರಂಭವಾದ ಸನ್‌ಬರ್ನ್ ಉತ್ಸವವನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು. 2013ರಲ್ಲಿ ಎಂಟಿವಿ ಇಂಡಿಯಾವನ್ನು ನಡೆಸುತ್ತಿದ್ದ ವಯಾಕಾಮ್18 ಕಂಪನಿ ತನ್ನ ವಿಎಚ್1 ವಾಹಿನಿಯ ಹೆಸರಿನಲ್ಲೇ ಸೂಪರ್‌ಸಾನಿಕ್ ಉತ್ಸವವನ್ನು ಆರಂಭಿಸಿದಾಗ ಚಕ್ರ ಪೂರ್ತಿ ತಿರುಗಿತ್ತು: ಸಂಗೀತವನ್ನು ತೋರಿಸುತ್ತಿದ್ದ ಟಿವಿ ಕಂಪನಿ ಈಗ ಕುಣಿತದ ನೆಲವನ್ನೇ ಬಾಡಿಗೆಗೆ ಕೊಡುವ ಉದ್ಯಮಿಯಾಗಿತ್ತು.

ವಾಹಿನಿಗಳು ಹೋದರೂ ಕ್ಯಾಮೆರಾ ಹೋಗಿಲ್ಲ. 2010ರಲ್ಲಿ ಲಂಡನ್ನಿನ ಕೋಣೆಯೊಂದರ ಗೋಡೆಗೆ ವೆಬ್‌ಕ್ಯಾಮ್ ಅಂಟಿಸಿ ಆರಂಭವಾದ ಬಾಯ್ಲರ್ ರೂಮ್ ಎಂಬ ಅಂತರಜಾಲ ಪ್ರಸಾರ, ಡಿಜೆಯ ಎದುರಿಗೆ ಕ್ಯಾಮೆರಾವನ್ನೂ ಬೆನ್ನ ಹಿಂದೆ ಕುಣಿಯುವವರನ್ನೂ ನಿಲ್ಲಿಸಿ, ಇಡೀ ಒಂದು ಗಂಟೆಯ ಹೆಣಿಗೆಯನ್ನು ಕತ್ತರಿಯಿಲ್ಲದೆ ಜಗತ್ತಿಗೆ ತೋರಿಸಿತು. ಮೂರೂವರೆ ನಿಮಿಷದ ಕಟ್ಟಳೆ ಅಲ್ಲಿಗೆ ಮುರಿಯಿತು. ಡೆಟ್ರಾಯ್ಟಿನ ಹಿರಿಯರೂ ಅದರಲ್ಲಿ ಕಾಣಿಸಿಕೊಂಡರು. ಮುಖದ ಕಟ್ಟಳೆ ಮಾತ್ರ ಇನ್ನಷ್ಟು ಬಿಗಿಯಾಯಿತು, ಏಕೆಂದರೆ ಈಗ ಡಿಜೆಯ ಪ್ರತಿಯೊಂದು ಹಾವಭಾವವೂ ತುಣುಕಾಗಿ ಫೋನಿನಿಂದ ಫೋನಿಗೆ ಹರಿಯುತ್ತದೆ. ಒಡೆತನದ ಪ್ರಶ್ನೆಯೂ ಮತ್ತೆ ಎದ್ದಿದೆ. 2025ರ ಆರಂಭದಲ್ಲಿ ಬಾಯ್ಲರ್ ರೂಮನ್ನು ಸೂಪರ್‌ಸ್ಟ್ರಕ್ಟ್ ಎಂಬ ಉತ್ಸವ ಕಂಪನಿ ಕೊಂಡುಕೊಂಡಿತು. ಆ ಕಂಪನಿಯಾದರೋ 2024ರಲ್ಲಿ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿತ್ತು. ಕೆಕೆಆರ್‌ನ ಹೂಡಿಕೆಗಳನ್ನು ವಿರೋಧಿಸಿ ಹಲವು ಕಲಾವಿದರು ಕಾರ್ಯಕ್ರಮಗಳಿಂದ ಹಿಂದೆ ಸರಿದರು.

ಹಿಂದಿನದನ್ನು ಕಾಯ್ದಿಡುವ ಹೊಣೆಯನ್ನೂ ಎಂಟಿವಿ ಹೊತ್ತಿಲ್ಲ. 2024ರ ಜೂನ್‌ನಲ್ಲಿ ಎಂಟಿವಿ ನ್ಯೂಸ್‌ನ ಎರಡು ದಶಕಗಳ ಬರಹಗಳು ಅಂತರಜಾಲದಿಂದ ಇದ್ದಕ್ಕಿದ್ದಂತೆ ಮರೆಯಾದವು. ‘ಆಂಪ್’ ಇಂದು ನೋಡಸಿಗುವುದು ಅಂದಿನ ವೀಕ್ಷಕರು ವಿಎಚ್‌ಎಸ್ ಟೇಪುಗಳಲ್ಲಿ ಹಿಡಿದಿಟ್ಟು, ಈಚೆಗೆ ಅಂತರಜಾಲಕ್ಕೆ ಏರಿಸಿದ ಪ್ರತಿಗಳಿಂದ. ಹಕ್ಕುಸ್ವಾಮ್ಯದ ದೂರು ಬಂದರೆ ಅವೂ ಅಲ್ಲಿಂದ ಇಳಿಯುತ್ತವೆ. ಆ ವಿಡಿಯೊಗಳ ಹಕ್ಕು ರೆಕಾರ್ಡ್ ಕಂಪನಿಗಳಲ್ಲಿ, ಕಾರ್ಯಕ್ರಮದ ಹಕ್ಕು ವಾಹಿನಿಯಲ್ಲಿ ಹಂಚಿಹೋಗಿರುವಾಗ, ವಾಹಿನಿಯನ್ನು ಮುಚ್ಚುವ ಕಂಪನಿ ತನ್ನ ಭಂಡಾರವನ್ನು ಸಾರ್ವಜನಿಕ ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಒಪ್ಪಿಸಬೇಕೆಂಬ ನಿಯಮವನ್ನು ಸಂಗೀತಪ್ರಿಯರು ಕೇಳಬೇಕಾಗಿದೆ. ಡಬ್ಲ್ಯುಜಿಪಿಆರ್‌ನ ಹಳೆಯ ಕಟ್ಟಡದಲ್ಲಿ ಆ ನಿಲಯದ ಚರಿತ್ರೆಯನ್ನು ಉಳಿಸುವ ಒಂದು ಪುಟ್ಟ ವಸ್ತುಸಂಗ್ರಹಾಲಯವನ್ನು ಡೆಟ್ರಾಯ್ಟಿನ ಜನ ಈಗಾಗಲೇ ಕಟ್ಟಿಕೊಂಡಿದ್ದಾರೆ.